ಮೀನಿನ ಹೆಸರಿಗೆ ಸಾಕ್ಷಿ

ಲೆಕ್ಕಕ್ಕೆ ಬಾರದ ಸಂಪತ್ತನ್ನು ಯಾವ ದೇಶವೂ ಕಾಯಲಾರದು. ನಮ್ಮ ಹೊಳೆಕೆರೆಗಳ ಮೀನುಗಳ ವಿಷಯದಲ್ಲಿ ಈ ಮಾತು ದಿಟವಾಗಿದೆ.

ಕಾವೇರಿಯ ಡುಬ್ಬಬೆನ್ನಿನ ಮಹಶೀರನ್ನು ಥಾಮಸ್ ಸಾಹೇಬರು 1873ರ ತಮ್ಮ ಗ್ರಂಥದಲ್ಲಿಯೇ ವರ್ಣಿಸಿದ್ದರು. 1946ರಲ್ಲಿ ಕಬಿನಿಯಲ್ಲಿ 120 ಪೌಂಡು ತೂಗುವ ಮೀನು ಸಿಕ್ಕಿತು. ಆದರೂ ಅದರ ಶಾಸ್ತ್ರೀಯ ನಾಮವು ನಿಶ್ಚಯವಾದುದು 2018ರಲ್ಲಿ. ಅದೇ ವರ್ಷ ಅದು ತೀವ್ರ ವಿನಾಶದ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಬೇಟೆಯ ಹೆಮ್ಮೆಗಾಗಿ ಹಿಡಿದವರು ಬಹುಮಂದಿ. ಶಾಸ್ತ್ರಕ್ಕಾಗಿ ಮಾದರಿಯನ್ನು ಕಾದಿರಿಸಿದವರು ವಿರಳ.

ಮಹಾಮತ್ಸ್ಯಕ್ಕೇ ಈ ಗತಿಯಾದರೆ, ಮೊಳಕಾಲ್ಮೂರು ತಾಲ್ಲೂಕಿನ ಚಿನ್ನಹಗರಿಯ, ರಾಂಪುರ ಸೀಮೆಯ ಕೆರೆಗಳ ಬೆರಳುದ್ದದ ಮೀನುಗಳನ್ನು ಕೇಳುವವರಾರು? ಮಳೆ ತಪ್ಪಿದ ವರ್ಷ ಬತ್ತುವ ನೀರಿನಲ್ಲಿ ಇಂದಿದ್ದುದು ನಾಳೆಯೂ ಇರುವುದೆಂಬ ಭರವಸೆಯಿಲ್ಲ.

ಕಾರ್ಯವೇನೂ ಅಸಾಧ್ಯವಲ್ಲ. ಮೊದಲು ಮಾಂಸದ ತುಣುಕೊಂದನ್ನು ತೀಕ್ಷ್ಣ ಮದ್ಯಸಾರದಲ್ಲಿರಿಸಬೇಕು. ಏಕೆಂದರೆ ಫಾರ್ಮಲಿನ್ ದೇಹವನ್ನು ಕಾಯುವುದಾದರೂ ವಂಶಲಕ್ಷಣವನ್ನು ತಿಳಿಸುವ ಡಿಎನ್‌ಎಯನ್ನು ಕೆಡಿಸುತ್ತದೆ. ಅನಂತರ ಮೀನನ್ನು ಫಾರ್ಮಲಿನ್‌ನಲ್ಲಿ ಬಲಿಸಿ, ಮದ್ಯಸಾರಕ್ಕೆ ವರ್ಗಾಯಿಸಿ, ಊರು ದಿನಾಂಕಗಳನ್ನು ಬರೆದಿಡಬೇಕು. ಜೀವಹಿಂಸೆಯೇಕೆಂದು ಕೇಳುವವರಿಗೆ ಉತ್ತರವಿಷ್ಟೆ: ವಿರಳವಾದ ಮೀನಿನ ರೆಕ್ಕೆಯ ಚೂರೊಂದನ್ನು ತೆಗೆದುಕೊಂಡು, ಚಿತ್ರ ಹಿಡಿದು, ನೀರಿಗೆ ಬಿಡಬಹುದು.

ಹೊಸ ಜೀವಜಾತಿಯ ಮಾದರಿಯನ್ನು ನಿಯಮಿತ ಭಂಡಾರಕ್ಕೆ ಒಪ್ಪಿಸಬೇಕೆಂದು 2002ರ ಜೀವವೈವಿಧ್ಯ ಕಾಯಿದೆಯು ವಿಧಿಸಿದೆ. ಕಾಯಿದೆಯೊಂದರಿಂದಲೇ ಕೆಲಸವಾಗದು. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಕೆರೆಕೆರೆಯ ಮಾದರಿಗಳನ್ನು ಸಂಗ್ರಹಿಸಲಿ. ಸೀಸೆಗಳಿಗೂ ಮದ್ಯಸಾರಕ್ಕೂ ಹಣವನ್ನು, ನೋಡಿಕೊಳ್ಳಲು ಒಬ್ಬ ಪಾಲಕನನ್ನು ಸರ್ಕಾರವು ಒದಗಿಸಲಿ. ವೆಚ್ಚವು ಅಲ್ಪ, ಉದಾಸೀನದಿಂದಾಗುವ ನಷ್ಟವನ್ನು ಯಾವ ಬೊಕ್ಕಸವೂ ತುಂಬಿಕೊಡಲಾರದು.