ಸಿಪಾಯಿಯ ನೆನಪಿಗೆ ಬೆಲೆಯಿಲ್ಲವೇ?

ಸೆಪ್ಟೆಂಬರ್ 23ನೆಯ ತಾರೀಖು ಬಂದಿತೆಂದರೆ ದೆಹಲಿಯ ತೀನ್ ಮೂರ್ತಿ ಸ್ಮಾರಕಕ್ಕೆ ಹೂಮಾಲೆಗಳು ಬೀಳುತ್ತವೆ. 1922ರಲ್ಲಿ ಸ್ಥಾಪಿತವಾದ ಆ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನ ರಾವುತನದು; ಉಳಿದೆರಡು ಜೋಧಪುರ, ಹೈದರಾಬಾದು ಸಂಸ್ಥಾನಗಳವರದು. 1918ರಲ್ಲಿ ಇದೇ ದಿನ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಈ ಕುದುರೆ ದಳದವರು ತುರ್ಕರ ಕೈಯಿಂದ ಗೆದ್ದುಕೊಂಡರು. ಜೋಧಪುರದವರು ಪಟ್ಟಣದ ಮೇಲೆ ನೇರವಾಗಿ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟವನ್ನೇರಿ, ಫಿರಂಗಿಗಳಿಗೂ ಯಂತ್ರಬಂದೂಕುಗಳಿಗೂ ಭರ್ಜಿ ಕತ್ತಿಗಳಿಂದಲೇ ಉತ್ತರ ಕೊಟ್ಟರು.

ಈ ಶೌರ್ಯವನ್ನು ಕೊಂಡಾಡುವುದು ಉಚಿತವೇ. ಆದರೆ ನಾವು ಒಂದು ಮಾತನ್ನು ಕೇಳದೆ ಇರಲಾರೆವು. ಆ ಬೆಟ್ಟವನ್ನೇರಿದ ಸಾಮಾನ್ಯ ಸವಾರನು ಏನನ್ನು ಕಂಡನು? ಏನನ್ನು ಸಹಿಸಿದನು? ಮನೆಗೆ ಹಿಂತಿರುಗಿ ಹೆಂಡಿರು ಮಕ್ಕಳೊಡನೆ ಏನು ಹೇಳಿದನು? ಆ ದಿನ ಮಡಿದ ಜೋಧಪುರದ ಮೇಜರ್ ದಲಪತ್ ಸಿಂಗರ ಹೆಸರು ಉಳಿದಿದೆ. ಹಿಡಿದ ತೋಪುಗಳ ಲೆಕ್ಕವೂ ಸೆರೆಸಿಕ್ಕವರ ಲೆಕ್ಕವೂ ಉಳಿದಿವೆ. ಸಿಪಾಯಿಯ ಮಾತು ಮಾತ್ರ ಅವನೊಡನೆಯೇ ಮಣ್ಣಾಯಿತು.

ಆಂಗ್ಲರು ತಮ್ಮವರ ವಿಷಯದಲ್ಲಿ ಹೀಗೆ ಉದಾಸೀನರಾಗಲಿಲ್ಲ. ಯುದ್ಧವಿನ್ನೂ ನಡೆಯುತ್ತಿದ್ದ 1917ರಲ್ಲಿಯೇ ಲಂಡನ್ನಿನಲ್ಲಿ ಯುದ್ಧ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. 1970ರ ದಶಕದಿಂದ ಮುದುಕರಾದ ಸಿಪಾಯಿಗಳ ಧ್ವನಿಯನ್ನು ಮುದ್ರಿಸಿಕೊಂಡರು. ಫ್ಲಾಂಡರ್ಸಿನ ಕೆಸರಿನಲ್ಲಿ ಹೋರಾಡಿದ ಹ್ಯಾರಿ ಪ್ಯಾಚ್ ಎಂಬವರು ಕೊಳಾಯಿ ಕೆಲಸದಿಂದ ಜೀವನ ನಡೆಸಿದವರು. ನೂರು ವರ್ಷ ತುಂಬುವವರೆಗೆ ಯುದ್ಧದ ಸುದ್ದಿಯನ್ನೇ ಎತ್ತದಿದ್ದ ಅವರು ಕೊನೆಗೆ ಬಾಯಿ ಬಿಟ್ಟಾಗ ಇಡೀ ದೇಶವೇ ಕಿವಿಗೊಟ್ಟು ಕೇಳಿತು. 2009ರಲ್ಲಿ, 111ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಭಾರತದಿಂದ ಆ ಯುದ್ಧಕ್ಕಾಗಿ ಸಮುದ್ರ ದಾಟಿದವರು ಹತ್ತು ಲಕ್ಷಕ್ಕೂ ಮಿಗಿಲು, ಮಡಿದವರು 74,000ದಷ್ಟು. ಫ್ರಾನ್ಸಿನಿಂದ ನಮ್ಮ ಸಿಪಾಯಿಗಳು ಊರಿಗೆ ಬರೆದ ಕಾಗದಗಳನ್ನು ಬ್ರಿಟಿಷ್ ಅಧಿಕಾರಿಗಳು ಒಡೆದು ಓದಿ, ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ಇಟ್ಟುಕೊಂಡರು. ಆ ತರ್ಜುಮೆಗಳು ಇಂದು ಲಂಡನ್ನಿನ ಗ್ರಂಥಭಂಡಾರದಲ್ಲಿವೆ. ನಮ್ಮವರ ಸುಖದುಃಖವು ಶಂಕೆಯಿಂದ ಓದಿದವನ ಕಡತದಲ್ಲಿ, ಪರಭಾಷೆಯಲ್ಲಿ, ಉಳಿದುಕೊಂಡಿತೆಂಬುದು ಎಂತಹ ವಿಧಿವಿಲಾಸ!

ಕೆಲವರು ಕೇಳಬಹುದು: ಪರರ ಸಾಮ್ರಾಜ್ಯಕ್ಕಾಗಿ ಹೋರಾಡಿದವರನ್ನು ನಾವೇಕೆ ನೆನೆಯಬೇಕು? ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮೈಸೂರು ಸಂಸ್ಥಾನವು ಆ ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿ ಕೊಟ್ಟಿತು. ಹಣ ತೆತ್ತ ಪ್ರಜೆಯನ್ನಾಗಲಿ ಹಡಗೇರಿದ ಸವಾರನನ್ನಾಗಲಿ ಯಾರೂ ಅಭಿಪ್ರಾಯ ಕೇಳಲಿಲ್ಲ. ರಕ್ತ ಕೊಟ್ಟ ದೇಶಕ್ಕೆ 1919ರಲ್ಲಿ ದೊರೆತ ಬಹುಮಾನವು ರೌಲತ್ ಶಾಸನ ಮತ್ತು ಜಲಿಯನ್‌ವಾಲಾಬಾಗ್. ಆದರೆ ಇದರಲ್ಲಿ ಸಿಪಾಯಿಯ ಅಪರಾಧವೇನು? ಸೂಯೆಜ್ ಕಾಲುವೆಯ ಮರಳಿನಲ್ಲಿ ಪಹರೆ ನಿಂತವನು, ಜೋರ್ಡಾನ್ ಕಣಿವೆಯ ಉರಿಬೇಸಗೆಯಲ್ಲಿ ಚಳಿಜ್ವರದಿಂದ ನಡುಗಿದವನು ಸಾಮ್ರಾಜ್ಯದ ಒಡೆಯನಲ್ಲ. ನಮ್ಮ ನೆಲದ ಮನುಷ್ಯ. ಅವನ ಮಾತನ್ನು ಉಳಿಸುವುದು ಸಾಮ್ರಾಜ್ಯದ ಸ್ತುತಿಯಲ್ಲ. ಆ ಸಾಮ್ರಾಜ್ಯಕ್ಕೆ ನಾವು ತೆತ್ತ ಬೆಲೆಯ ಲೆಕ್ಕ.

ಸಿಪಾಯಿಯನ್ನು ನೆನೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿಯ ಕಲ್ಲು ನಮ್ಮ ಬೇಲೂರು ತಾಲ್ಲೂಕಿನದು. ಕಾಳಗದಲ್ಲಿ ಪರಾಕ್ರಮ ತೋರಿದವನಿಗೆ ಬಾಳ್ಗಳ್ಚು ದತ್ತಿಯಾಗಿ ಊರುಗಳನ್ನು ಬಿಟ್ಟುಕೊಟ್ಟ ಸಂಗತಿಯೇ ಅದರ ವಿಷಯ. ತುರುಗಳನ್ನು ಬಿಡಿಸಹೋಗಿ ಮಡಿದ ಸಾಮಾನ್ಯ ಒಕ್ಕಲಮಗನಿಗೂ ಹಳ್ಳಿಯವರು ವೀರಗಲ್ಲು ನಿಲ್ಲಿಸಿದ ನಾಡಿದು. ಆ ಜನರ ಸಂತತಿಯವರು ನಾವು, ನಮ್ಮ ಕಣ್ಣಮುಂದಿನ ಕಾಗದಗಳನ್ನು ಗೆದ್ದಲಿಗೆ ಬಿಡುವುದು ಶೋಭಿಸುವುದೇ?

ಕಾಲ ಮಿಂಚಿಲ್ಲ, ಆದರೆ ಮಿಂಚುತ್ತಿದೆ. ಮೊದಲನೆಯ ಯುದ್ಧಕ್ಕೆ ಹೋದವರ ಕಥೆಯನ್ನು ಅವರ ಬಾಯಿಂದಲೇ ಕೇಳಿದ ಮೊಮ್ಮಕ್ಕಳು ಈಗ ಮುಪ್ಪಿನಲ್ಲಿದ್ದಾರೆ. ಎರಡನೆಯ ಯುದ್ಧದಲ್ಲಿ ಮೈಸೂರು ಕಾಲ್ದಳದವರು ಮಲಯಕ್ಕೆ ಹೋಗಿ, 1942ರಲ್ಲಿ ಸಿಂಗಾಪುರದ ಪತನದೊಡನೆ ಜಪಾನೀಯರ ಸೆರೆಯಾಳುಗಳಾದರು. ಅವರ ಮಕ್ಕಳಿಗೂ ವಯಸ್ಸಾಗಿದೆ. ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಮಾತು ನಡೆದಿರುವ ಈ ಕಾಲದಲ್ಲಿ, ತಿಂಗಳಿಗೊಂದು ಕಾಗದಕ್ಕಾಗಿ ಅಂಚೆಯವನ ದಾರಿ ಕಾದ ಮನೆಗಳ ಕಥೆ ಎಳೆಯರಿಗೆ ಕಟ್ಟುಕಥೆಯಂತೆ ತೋರಬಹುದು.

ಆದುದರಿಂದ ನಮ್ಮ ಸೂಚನೆಯಿಷ್ಟೆ. ಬೂವನಹಳ್ಳಿ ಮೊದಲುಗೊಂಡು ಜಿಲ್ಲೆಯ ಪ್ರತಿಯೊಂದು ಊರಿನಲ್ಲಿಯೂ ಹಳೆಯ ಪೆಟ್ಟಿಗೆಗಳನ್ನು ತೆರೆಯಿಸಿ, ಪದಕ, ಕಾಗದ, ಪಿಂಚಣಿ ಪತ್ರಗಳಿಗೆ ನಕಲು ತೆಗೆಯಬೇಕು. ಹಿರಿಯರ ಮಾತನ್ನು ಅವರ ಆಡುನುಡಿಯಲ್ಲಿಯೇ ಮುದ್ರಿಸಿಕೊಳ್ಳಬೇಕು. ಶಾಲೆಯ ಉಪಾಧ್ಯಾಯರೂ ಕಾಲೇಜು ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಇದಕ್ಕೆ ಹೆಚ್ಚು ಹಣ ಬೇಡ. ಜಿಲ್ಲಾಡಳಿತವೂ ಸಾಹಿತ್ಯ ಪರಿಷತ್ತಿನ ಜಿಲ್ಲಾ ಶಾಖೆಯೂ ಮುಂದಾಳಾಗಲಿ. ರಾಜ್ಯ ಪತ್ರಾಗಾರದವರು ಸಂಗ್ರಹವನ್ನು ಕಾಪಾಡಲಿ.

ಮೂರ್ತಿಗೆ ಹಾರ ಹಾಕುವುದು ಒಂದು ದಿನದ ಕೆಲಸ. ಮೂರ್ತಿಗೆ ಬಾಯಿ ಕೊಡುವುದು ನಮ್ಮ ತಲೆಮಾರಿನ ಋಣ.