ಗಲ್ಲೆಯ ಮೇಲಿನ ಹೊಸ ಫೋನು



ಹೊಸ ಸ್ಮಾರ್ಟ್‌ಫೋನು ಮನೆಗೆ ಬಂದೊಡನೆ ಎಲ್ಲರೂ ಕೇಳುವುದು, ಬಿದ್ದರೆ ಒಡೆಯುತ್ತದೆಯೆ ಎಂದು. ವ್ಯಾಪಾರಸ್ಥರು ಕೇಳಬೇಕಾದದ್ದು ಬೇರೆ. 2016ರಲ್ಲಿ ಯುಪಿಐ ಬಂದ ಮೇಲೆ ಅಂಗಡಿಯ ಅರ್ಧ ಗಲ್ಲೆ ಫೋನಿನೊಳಗೇ ಸೇರಿಕೊಂಡಿದೆ. ಗಿರಾಕಿಯ ಹಣ ಜಮೆಯಾಯಿತೆ ಎಂದು ನೋಡುವುದು ಅದರಲ್ಲಿ, ಬ್ಯಾಂಕಿನ ಓಟಿಪಿ ಬರುವುದು ಅದಕ್ಕೆ, ಉದ್ರಿ ಲೆಕ್ಕವನ್ನೂ ಅನೇಕರು ಈಗ ಅದರಲ್ಲೇ ಬರೆಯುತ್ತಾರೆ. ದೀಪಾವಳಿಯ ಪೇಟೆ ತುಂಬಿರುವಾಗ ಅದು ಕೈಕೊಟ್ಟರೆ ಗಾಜು ಒಡೆದದ್ದಕ್ಕಿಂತ ದೊಡ್ಡ ನಷ್ಟ. ಅಂಗಡಿಯ ಕೆಲಸವನ್ನು ಅದು ಎಷ್ಟು ವರ್ಷ ಮಾಡೀತು ಎಂಬುದೇ ನಮಗೆ ಮುಖ್ಯ.

ಸೋಲಾಪುರದ ನಮ್ಮ ಕಾಳಿನ ಅಂಗಡಿಯಲ್ಲಿ ಹೊಸ ಫೋನೊಂದು ಎಂಟು ತಿಂಗಳಿಂದ ದುಡಿಯುತ್ತಿದೆ. ಕಿಸೆಯಲ್ಲಿ ಬೀಗದ ಕೈ, ಚಿಲ್ಲರೆ ನಾಣ್ಯಗಳ ಜೊತೆ ತಿರುಗಿದರೂ ಗಾಜಿಗೆ ಒಂದು ಗೀರೂ ಬೀಳಲಿಲ್ಲ. ಗೀರಿದ್ದು ಜೋಳದ ಚೀಲದ ಧೂಳು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಫೋನಿನ ಗಾಜಿಗೆ ಸುಮಾರು 6ರಿಂದ ಗೀರು ಬೀಳತೊಡಗುತ್ತದೆ. ಮಣ್ಣುಮರಳಿನಲ್ಲಿರುವ ಬೆಣಚುಕಲ್ಲಿನ ಕಣದ್ದು 7. ನಾಣ್ಯವೂ ಬೀಗದ ಕೈಯೂ ಅದಕ್ಕಿಂತ ಮೆದು. ಆದ್ದರಿಂದ ಕಾಳು, ಸಿಮೆಂಟು, ಕಿರಾಣಿ ಮಾರುವವರು ಮೇಲೊಂದು ಗಾಜಿನ ಪದರ ಅಂಟಿಸಿಕೊಳ್ಳುವುದು ಲೇಸು. ಧೋತರದ ಸೆರಗಿನಿಂದ ತಿಕ್ಕುವ ಮೊದಲು ಧೂಳನ್ನು ಊದಿ ತೆಗೆಯಬೇಕು.

ಡಬ್ಬಿಯ ಮೇಲಿನ 'ಐಪಿ 68' ಎಂಬುದರಲ್ಲಿ 6 ಧೂಳಿನದು, 8 ನೀರಿನದು. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಶುದ್ಧ ನೀರಿನಲ್ಲಿ. ಸಾಬೂನಿನ ನೀರಿಗೂ ಬಿಸಿ ಚಹಕ್ಕೂ ಅದು ಅನ್ವಯಿಸದು. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ಗ್ಯಾರಂಟಿಯೂ ಇಲ್ಲ! 'ಮಿಲಿಟರಿ ಗ್ರೇಡ್' ಎಂಬ ಮಾತಿಗಂತೂ ನಾವು ಕಾಸಿನ ಬೆಲೆ ಕೊಡುವುದಿಲ್ಲ. ಆ ಅಮೆರಿಕನ್ ಪಟ್ಟಿಯಲ್ಲಿ ಹತ್ತಾರು ಪರೀಕ್ಷೆಗಳಿವೆ. ಯಾವುದನ್ನು ಮಾಡಿಸಬೇಕೆಂದು ಆರಿಸಿಕೊಳ್ಳುವವರು ಕಂಪನಿಯವರೇ.

ನಿಜವಾದ ಶತ್ರು ನಮ್ಮ ಬಿಸಿಲು. ಆ್ಯಪಲ್ ಕಂಪನಿ ತನ್ನ ಐಫೋನನ್ನು 35 ಡಿಗ್ರಿಯೊಳಗೆ ಬಳಸಿರಿ ಎನ್ನುತ್ತದೆ. ಸೋಲಾಪುರ, ಅಕ್ಕಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಿಗೆ 40 ದಾಟುವುದು ಹೊಸದಲ್ಲ. ತಗಡಿನ ಮಾಡಿನ ಕೆಳಗೆ, ಗಲ್ಲೆಯ ಮೇಲೆ, ಚಾರ್ಜಿಗೆ ಹಚ್ಚಿ ಇಟ್ಟ ಫೋನಿನ ಗತಿ ಏನು? ಲಿಥಿಯಂ ಬ್ಯಾಟರಿ ಶಾಖಕ್ಕೆ ಬೇಗ ಸವೆಯುತ್ತದೆ; ಪೂರ್ಣ 100ಕ್ಕೆ ತುಂಬಿ ಹಾಗೇ ಬಿಸಿಯಲ್ಲಿಟ್ಟರೆ ಇನ್ನೂ ಬೇಗ. ಅನೇಕ ಫೋನುಗಳಲ್ಲಿ 80ಕ್ಕೆ ಚಾರ್ಜು ನಿಲ್ಲಿಸುವ ಸೌಲಭ್ಯವಿದೆ, ಅದನ್ನು ಹಾಕಿಡಿರಿ. ಚಾರ್ಜಿನ ಸುತ್ತು ಎಂದರೆ ಎಷ್ಟು ಸಲ ವಯರು ಚುಚ್ಚಿದಿರಿ ಎಂಬ ಲೆಕ್ಕವಲ್ಲ. ಐವತ್ತರಂತೆ ಎರಡು ಸಲ ತುಂಬಿದರೆ ಒಂದು ಸುತ್ತು. ಹಿಂಬದಿ ಉಬ್ಬಿದ ಫೋನನ್ನು ಒತ್ತಿ ಕೂರಿಸಲು ಹೋಗಬಾರದು, ಚಾರ್ಜಿಗೂ ಹಚ್ಚಬಾರದು. ನಮ್ಮ ಓಣಿಯ ಅರಿವೆ ವ್ಯಾಪಾರಿಯೊಬ್ಬರ ಫೋನು ಹಬ್ಬದ ವಾರದಲ್ಲೇ ಹೀಗೆ ಉಬ್ಬಿ, ಮೂರು ದಿನ ಗಿರಾಕಿಗಳಿಗೆ ರೊಕ್ಕವನ್ನೇ ಕೇಳಬೇಕಾಯಿತು.

ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ನಿಯಮವೊಂದು ಜಾರಿಗೆ ಬಂದಿದೆ: 800 ಸುತ್ತಿನ ಬಳಿಕವೂ ಬ್ಯಾಟರಿಯಲ್ಲಿ 80 ಪಾಲು ಶಕ್ತಿ ಉಳಿಯಬೇಕು, ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಸಿಗಬೇಕು, 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ಅದು ನಮ್ಮ ದೇಶದ ಕಾನೂನಲ್ಲ. ಆದರೂ ಅಂಗಡಿಯವನಿಗೆ ಇವೇ ಮೂರು ಪ್ರಶ್ನೆ ಹಾಕಲು ಅಡ್ಡಿಯೇನು? ಅಪ್‌ಡೇಟ್ ನಿಂತ ಫೋನು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿರಬಹುದು. ಕಳ್ಳರಿಗೆ ಅದರ ಬಾಗಿಲು ವರ್ಷವರ್ಷಕ್ಕೆ ಸಡಿಲವಾಗುತ್ತದೆ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರಲ್ಲಿ ಎಸ್24ಕ್ಕೂ 7 ವರ್ಷದ ಮಾತು ಕೊಟ್ಟವು. ಅಗ್ಗದ ಫೋನುಗಳಲ್ಲಿ ಈ ಅವಧಿ ಬಹಳ ಕಡಿಮೆಯಿರುವುದುಂಟು. ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡಿರಿ: 12,000ದ್ದು ಎರಡು ವರ್ಷ ಬಾಳಿದರೆ ವರ್ಷಕ್ಕೆ 6,000, 25,000ದ್ದು ಐದು ವರ್ಷ ಬಾಳಿದರೆ 5,000.

ನಮ್ಮ ಹಳೆಯ ಫೋನಿಗೆ ಇನ್ನೂ ಅಪ್‌ಡೇಟ್ ಬರುತ್ತಿರುವುದರಿಂದ ಹೊಸ ಬ್ಯಾಟರಿ ಹಾಕಿಸಿದ್ದೇವೆ. ಬರುವ ದೀಪಾವಳಿಗೆ ಅದೂ ಗಲ್ಲೆಯಲ್ಲಿರುತ್ತದೆ.