ಹಣ ತೆತ್ತ ಟಿಕೇಟು, ಇಲ್ಲದ ಆಸನ

ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದಲ್ಲಿರುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ, ಕಳೆದ ಮಾಗಿಯ ಒಂದು ಮಧ್ಯಾಹ್ನ, ಮಂಜು ಗೋಪುರವನ್ನು ಒಮ್ಮೆ ಮುಚ್ಚಿ ಒಮ್ಮೆ ತೆರೆದು ಆಡುತ್ತಿದ್ದ ಹೊತ್ತಿನಲ್ಲಿ, ಕೆಳಗಿಳಿಯುವ ಸರ್ಕಾರಿ ಬಸ್ಸಿಗಾಗಿ ಕಾಯುತ್ತಿದ್ದ ನನ್ನ ಬಳಿಗೆ ಅರವತ್ತರ ಪ್ರಾಯದ ಪರದೇಶದ ಮಹಿಳೆಯೊಬ್ಬರು ಬಂದು, ಶಾಲಿನ ಮರೆಯಲ್ಲಿ ಹಿಡಿದಿದ್ದ ಮೊಬೈಲನ್ನು ತೋರಿಸಿ, “ಇದರಲ್ಲಿ ನನ್ನ ಬೋಗಿ ಯಾವುದು?” ಎಂದು ಕೇಳಿದರು. ಆ ರಾತ್ರಿ ಮೈಸೂರಿನಿಂದ ಹೊರಡುವ ರೈಲಿನ ಟಿಕೇಟು ಅದು. ಹೆಸರಿತ್ತು, ವಯಸ್ಸಿತ್ತು, ರೈಲಿನ ಸಂಖ್ಯೆಯಿತ್ತು, ಹತ್ತು ಅಂಕೆಗಳ ಪಿ.ಎನ್.ಆರ್. ಇತ್ತು, ತೆತ್ತ ಹಣದ ಲೆಕ್ಕವೂ ಇತ್ತು. ಬೋಗಿಯ ಸಂಖ್ಯೆಯಿರಬೇಕಾದ ಕಡೆ ಮಾತ್ರ ‘ಡಬ್ಲ್ಯು.ಎಲ್. 14’ ಎಂದಿತ್ತು.

ಅದು ಕಾಯುವವರ ಪಟ್ಟಿಯೆಂದೂ, ತಮಗಿಂತ ಮುಂದೆ ಇನ್ನೂ ಹದಿಮೂರು ಮಂದಿ ಇರುವರೆಂದೂ ತಿಳಿದಾಗ ಆಕೆಯ ಮುಖದಲ್ಲಿ ಮೂಡಿದ್ದು ಕೋಪವಲ್ಲ, ಶುದ್ಧ ವಿಸ್ಮಯ. ಹಣ ಕೊಟ್ಟು ಟಿಕೇಟು ಪಡೆದವನಿಗೆ ಪ್ರಯಾಣದ ಹಕ್ಕೂ ದೊರೆತಂತೆ ಎಂದು ನಂಬಿ ಬೆಳೆದವರಿಗೆ, ಹಣ ಸ್ವೀಕೃತವಾಗಿಯೂ ಆಸನ ಅನಿಶ್ಚಿತವಾಗಿ ಉಳಿಯಬಹುದೆಂಬ ಕಲ್ಪನೆ ಹೇಗೆ ತಾನೆ ಬಂದೀತು? ನಮಗೆ ಬಾಲ್ಯದಿಂದ ರೂಢಿಯಾದ ಈ ಪದ್ಧತಿ ಅತಿಥಿಗೆ ಅಪರಿಚಿತವೆಂಬುದನ್ನು ನಾವು ಮರೆತಿದ್ದೇವೆ.

ನಮ್ಮಲ್ಲಿ ರೈಲಿನ ಇ-ಟಿಕೇಟು ಬಳಕೆಗೆ ಬಂದದ್ದು 2005ರಲ್ಲಿ. ಮುದ್ರಿಸಿದ ಕಾಗದದ ಅಗತ್ಯವೂ ಈಗಿಲ್ಲ. ಮೊಬೈಲಿನಲ್ಲಿರುವ ಟಿಕೇಟನ್ನು ತೋರಿಸಿ, ಜೊತೆಗೆ ಮೂಲ ಪಾಸ್‌ಪೋರ್ಟನ್ನು ತೋರಿಸಿದರೆ ಸಾಕು. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಬಂದವನು ಮಾತ್ರ ಟಿಕೇಟಿದ್ದೂ ಟಿಕೇಟಿಲ್ಲದವನಂತೆ ದಂಡ ತೆರಬೇಕಾದೀತು. ಇ-ಟಿಕೇಟಿನಲ್ಲಿರುವ ಎಲ್ಲರ ಹೆಸರೂ ಅಂತಿಮ ಪಟ್ಟಿ ಸಿದ್ಧವಾದ ಮೇಲೂ ಕಾಯುವವರ ಸಾಲಿನಲ್ಲೇ ಉಳಿದರೆ ಆ ಟಿಕೇಟು ತಾನಾಗಿಯೇ ರದ್ದಾಗಿ, ಹಣ ಬಂದ ಖಾತೆಗೇ ಹಿಂದಿರುಗುತ್ತದೆ. ಅದನ್ನು ಹಿಡಿದು ರೈಲು ಹತ್ತತಕ್ಕದ್ದಲ್ಲ. ‘ಆರ್.ಎ.ಸಿ.’ ಎಂದಿದ್ದರೆ ಭಯವಿಲ್ಲ, ಹತ್ತಬಹುದು; ಮಲಗುವ ಸ್ಥಳವನ್ನು ಇನ್ನೊಬ್ಬರೊಡನೆ ಹಂಚಿಕೊಂಡು ಕುಳಿತು ಸಾಗಬೇಕಾದೀತು, ಅಷ್ಟೆ. ಕೊನೆಯ ಗಳಿಗೆಯ ತತ್ಕಾಲ್ ಟಿಕೇಟನ್ನು ಜಾಲತಾಣದಲ್ಲಿ ಪಡೆಯಲು 2025ರ ಜುಲೈನಿಂದ ಆಧಾರ್ ದೃಢೀಕರಣ ಕಡ್ಡಾಯವಾಗಿರುವುದರಿಂದ, ಆ ದಾರಿಯನ್ನು ನೆಚ್ಚದೆ ಮುಂಗಡವಾಗಿಯೇ ಕಾದಿರಿಸುವುದು ಪರದೇಶದವರಿಗೆ ಲೇಸು. ಸಾಮಾನ್ಯರಿಗೆ ಮುಂಗಡದ ಅವಧಿ 60 ದಿನ. ವಿದೇಶಿ ಪ್ರವಾಸಿಗಳಿಗೆ, ಕೆಲವು ರೈಲುಗಳ ಕೆಲವು ದರ್ಜೆಗಳಲ್ಲಿರುವ ವಿಶೇಷ ಕೋಟಾದಡಿ 365 ದಿನ. ಮಧ್ಯರಾತ್ರಿ ಕಳೆದು ಹೊರಡುವ ರೈಲಾದರೆ ತಾರೀಖನ್ನು ಎರಡು ಬಾರಿ ನೋಡಿಕೊಳ್ಳಬೇಕು. ಈ ತಪ್ಪನ್ನು ನಮ್ಮವರೇ ಎಷ್ಟೋ ಸಲ ಮಾಡುತ್ತಾರೆ.

ನಮ್ಮ ಸೀಮೆಯ ಮಾತು ಬೇರೆಯೇ ಇದೆ. ಗೋಪಾಲಸ್ವಾಮಿ ಬೆಟ್ಟಕ್ಕೆಂದು ಹೊರಟವನು ಗುಂಡ್ಲುಪೇಟೆಯ ರೈಲು ನಿಲ್ದಾಣವನ್ನು ಹುಡುಕಿದರೆ ಸಿಗದು, ಏಕೆಂದರೆ ಆ ಊರಿಗೆ ರೈಲೇ ಬಂದಿಲ್ಲ. ನಂಜನಗೂಡಿನಿಂದ ಮುಂದುವರಿದ ಹಳಿ 1926ರಲ್ಲಿ ಚಾಮರಾಜನಗರವನ್ನು ಮುಟ್ಟಿ ಅಲ್ಲಿಗೇ ನಿಂತಿತು. ಇಂದಿಗೂ ಅದು ಕೊನೆಯ ನಿಲ್ದಾಣವೇ. ಮೈಸೂರಿನಿಂದ ಅಲ್ಲಿಗೆ 61 ಕಿಲೋಮೀಟರ್. ಆ ಪ್ಯಾಸೆಂಜರ್ ರೈಲಿಗೆ ಕಿಟಕಿಯಲ್ಲಿ ಚಿಲ್ಲರೆ ಕೊಟ್ಟು ಟಿಕೇಟು ಪಡೆಯುವುದು ಸುಲಭ. ಆದರೆ ಚಾಮರಾಜನಗರದಲ್ಲಿ ಇಳಿದವನು ಗುಂಡ್ಲುಪೇಟೆಗೆ ಮತ್ತೆ ಸುಮಾರು 35 ಕಿಲೋಮೀಟರ್ ಬಸ್ಸಿನಲ್ಲಿ ಸಾಗಬೇಕು. ಆದುದರಿಂದ ನನ್ನ ಸಲಹೆ ಹೀಗಿದೆ: ಬೆಟ್ಟವನ್ನೇ ಉದ್ದೇಶಿಸಿ ಬರುವವರು ಮೈಸೂರಿನವರೆಗೆ ಮಾತ್ರ ರೈಲಿನಲ್ಲಿ ಬಂದು, ಊಟಿಯ ಹೆದ್ದಾರಿ ಹಿಡಿದ ಬಸ್ಸಿನಲ್ಲಿ ಗುಂಡ್ಲುಪೇಟೆಯನ್ನೂ ಹಂಗಳವನ್ನೂ ಸೇರಿ, ಬೆಟ್ಟದ ಬುಡದಲ್ಲಿ ಸರ್ಕಾರಿ ಬಸ್ಸನ್ನು ಹತ್ತುವುದೇ ನೇರವಾದ ದಾರಿ. ಸ್ವಂತ ವಾಹನಕ್ಕೆ ಮೇಲೆ ಪ್ರವೇಶವಿಲ್ಲ. ಕಾಡಿನ ನಡುವೆ ಮೊಬೈಲಿನ ಸಂಪರ್ಕ ಆಗಾಗ್ಗೆ ಕಡಿದುಹೋಗುವುದರಿಂದ, ಟಿಕೇಟಿನ ಪ್ರತಿಯನ್ನು ಮೊದಲೇ ಮೊಬೈಲಿನಲ್ಲಿ ಉಳಿಸಿಕೊಂಡಿರಬೇಕು.

ಇಷ್ಟು ವಿಷಯವನ್ನು ಚಾಮರಾಜನಗರ, ನಂಜನಗೂಡು, ಮೈಸೂರು ನಿಲ್ದಾಣಗಳ ಹೊರಬಾಗಿಲಲ್ಲಿ ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಬರೆದ ಒಂದು ಫಲಕವು ಹೇಳಬಲ್ಲದು. ಟಿಕೇಟಿನ ಮೇಲೂ ‘ಡಬ್ಲ್ಯು.ಎಲ್.’ ಎಂಬ ಸಂಕೇತದ ಬದಲು ‘ನಿಮಗೆ ಆಸನ ಇನ್ನೂ ಖಚಿತವಾಗಿಲ್ಲ’ ಎಂಬ ಪೂರ್ಣ ವಾಕ್ಯವನ್ನು, ಓದುವವನ ಕಣ್ಣಿಗೆ ಬೀಳುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸಲು ರೈಲ್ವೆಯವರಿಗೆ ಆಗುವ ವೆಚ್ಚವಾದರೂ ಏನು? ಬಲ್ಲವನಿಗೆ ಮಾತ್ರ ಅರ್ಥವಾಗುವ ಸಂಕ್ಷೇಪವು ಸಾರ್ವಜನಿಕ ಸಂಸ್ಥೆಗೆ ಭೂಷಣವಲ್ಲ.

ಹಂಗಳದ ಬಳಿ ಮೊಬೈಲಿಗೆ ಮತ್ತೆ ಜೀವ ಬಂದಾಗ ನೋಡಿದೆವು: ಹದಿನಾಲ್ಕು ಒಂಬತ್ತಕ್ಕೆ ಇಳಿದಿತ್ತು, ಅದಕ್ಕಿಂತ ಕೆಳಗಿಳಿಯಲಿಲ್ಲ. ಆಕೆ ಗುಂಡ್ಲುಪೇಟೆಯಿಂದ ಮೈಸೂರಿಗೂ, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೂ ಹೋದರು. ನಿಮ್ಮ ಮನೆಯಲ್ಲಿಯೂ ಪರದೇಶದ ಸ್ನೇಹಿತರೋ, ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳೋ ತಂಗಿದ್ದರೆ, ಬೆಳಗ್ಗೆ ಬೆಟ್ಟಕ್ಕೆ ಕಳುಹಿಸುವ ಮುನ್ನ ಅವರ ಮೊಬೈಲನ್ನು ಕೇಳಿ ತೆಗೆದುಕೊಂಡು, ಟಿಕೇಟಿನಲ್ಲಿ ಹೆಸರಿನ ಎದುರಿಗಿರುವ ಆ ಒಂದು ಕಾಲಮನ್ನು ದಯವಿಟ್ಟು ನೀವೇ ಓದಿ ನೋಡಿ.